ನಾಯಿ ಏನೋ ನುಂಗಿಬಿಟ್ಟಿತು: ಕಾಯುವುದೋ, ಜೀಪು ಹತ್ತಿಸುವುದೋ?

ನಮ್ಮ ಕೆಂಚ ಮಾವಿನ ಗೊರಟು ನುಂಗಿದ್ದು ಮೇ ತಿಂಗಳ ಕೊನೆಯಲ್ಲಿ. ಸೀಕರಣೆಗೆ ಹಿಂಡಿ ಬಿಟ್ಟ ಗೊರಟುಗಳನ್ನು ಅಮ್ಮ ಹಿತ್ತಲಿನ ಬಾಳೆಬುಡಕ್ಕೆ ಎಸೆದಿದ್ದಳು. ಕೆಂಚ ಅದರಲ್ಲಿ ಒಂದನ್ನು ಕಚ್ಚಿ ತಂದು ಅಂಗಳದಲ್ಲಿ ಕೂತು ನೆಕ್ಕುತ್ತಿದ್ದ. "ಏಯ್, ಬಿಡೋ ಅದನ್ನ" ಎಂದು ನಾನು ಗದರಿಸಿಕೊಂಡು ಓಡಿದೆ. ಕಿತ್ತುಕೊಳ್ಳುತ್ತಾರೆ ಅಂತ ಹೆದರಿ ಅವನು ಗುಳುಕ್ಕನೆ ನುಂಗಿಯೇಬಿಟ್ಟ. ಮೊದಲ ತಪ್ಪು ನನ್ನದೇ. ಅಟ್ಟಿಸಿಕೊಂಡು ಹೋದರೆ ನಾಯಿ ಬಾಯಲ್ಲಿದ್ದದ್ದನ್ನು ಬಿಡುವುದಿಲ್ಲ, ನುಂಗುತ್ತದೆ. ಒಂದು ಮೀನಿನ ತುಂಡು ತೋರಿಸಿದ್ದರೆ ಗೊರಟು ತಾನಾಗಿ ಕೆಳಗೆ ಬೀಳುತ್ತಿತ್ತು.

ಪಕ್ಕದ ಮನೆಯ ಭಾವ ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು. "ಎಂತ ಆಗೋದಿಲ್ಲ ಮಾರಾಯ. ನಾಳೆ ಬೆಳಿಗ್ಗೆ ಹೊರಗೆ ಬೀಳ್ತದೆ." ನಾನೂ ನಂಬಿದೆ. ಮರುದಿನ ಕೆಂಚ ಆರಾಮಾಗಿಯೇ ಇದ್ದ. ಎರಡನೇ ದಿನ ಅನ್ನ ಮೂಸಿ ನೋಡಿ ಬಿಟ್ಟ. ಸೆಖೆಗೆ ಇರಬೇಕು ಅಂದುಕೊಂಡೆವು. ಮೂರನೇ ದಿನ ಕುಡಿದ ನೀರೂ ವಾಂತಿಯಾಯಿತು. ನಾಲ್ಕನೇ ದಿನ ಬೆಳಿಗ್ಗೆ ಅವನನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೊರಟೆವು. ಹೊಟ್ಟೆ ಕೊಯ್ದು ನೋಡಿದರೆ ಗೊರಟು ಸಣ್ಣಕರುಳಿನಲ್ಲಿ ಬಾಟಲಿಗೆ ಬಿರಡೆ ಹಾಕಿದಂತೆ ಕೂತಿತ್ತು. ಸುತ್ತಲಿನ ಕರುಳು ಕಪ್ಪಾಗಿತ್ತು. ಅಷ್ಟನ್ನೂ ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಸೇರಿಸಿ ಹೊಲಿದರು. ಎರಡು ದಿನ ಮೊದಲು ತಂದಿದ್ದರೆ ಕರುಳು ಕತ್ತರಿಸುವ ಕೆಲಸ ಬಹುಶಃ ಬೀಳುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಬೈದಂತೆ ಹೇಳಲಿಲ್ಲ. ಸುಮ್ನೆ ಹೇಳಿದರು. ಅದಕ್ಕೇ ಹೆಚ್ಚು ಚುಚ್ಚಿತು.

ನಾನು ಡಾಕ್ಟರಲ್ಲ. ಆ ನಾಲ್ಕು ದಿನಗಳಲ್ಲಿ ಒಳಗೆ ಏನು ನಡೆಯಿತು ಎಂದು ಆಮೇಲೆ ಅವರನ್ನು ಕೇಳಿ, ಓದಿ ತಿಳಿದುಕೊಂಡೆ. ನಮ್ಮ ಕಡೆ ಎಕ್ಸ್‌ರೇ ಇರುವ, ನಾಯಿಗೆ ಹೊಟ್ಟೆ ಆಪರೇಷನ್ ಮಾಡುವ ಜಾಗ ಎಂದರೆ ಹೆಚ್ಚಿನವರಿಗೆ ಶಿವಮೊಗ್ಗವೇ. ತೀರ್ಥಹಳ್ಳಿಯಿಂದಾಗಲಿ ಸಾಗರದಿಂದಾಗಲಿ 60 ಕಿಲೋಮೀಟರಿಗೆ ಕಡಿಮೆ ಇಲ್ಲ. ಬೆಂಗಳೂರಿನವರು "ಸಂಜೆವರೆಗೆ ನೋಡೋಣ" ಅಂದರೆ ನಡೆದೀತು. ನಾವು ಹಾಗೆ ಅಂದರೆ ಅದಕ್ಕೆ ಘಾಟಿ ರಸ್ತೆ, ಮಳೆ, ಸಿಗದ ಗಾಡಿ ಎಲ್ಲ ಸೇರಿಕೊಳ್ಳುತ್ತವೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಕೊನೆಯ ಲಾಂಚ್ ಎಷ್ಟು ಹೊತ್ತಿಗೆ ಎಂದೂ ಲೆಕ್ಕ ಹಾಕಬೇಕಿತ್ತು. ಹಾಗಾಗಿ ಇಲ್ಲಿ ಕಾಯುವ ಲೆಕ್ಕವೇ ಬೇರೆ.

ಗಂಟಲು ದಾಟಿದರೆ ಗೆದ್ದಂತೆ ಅಲ್ಲ

ನಾಯಿ ನಮ್ಮಂತೆ ಜಗಿದು ತಿನ್ನುವುದಿಲ್ಲ. ಹರಿದು, ನುಂಗುತ್ತದೆ. ಅದರ ಗಂಟಲು ಮತ್ತು ಅನ್ನನಾಳ ಚೆನ್ನಾಗಿ ಹಿಗ್ಗುತ್ತವೆ. ಜಠರವಂತೂ ಚೀಲವೇ. ಆದರೆ ಜಠರದಿಂದ ಸಣ್ಣಕರುಳಿಗೆ ಹೋಗುವ ಬಾಗಿಲು ಕಿರಿದು. ಅದರಾಚೆಯ ಕರುಳೂ ಅಷ್ಟೇ. ಅಂದರೆ ಆರಾಮಾಗಿ ಒಳಗೆ ಹೋದ ವಸ್ತು ಅಷ್ಟೇ ಆರಾಮಾಗಿ ಹೊರಗೆ ಬರುತ್ತದೆ ಅನ್ನುವ ಹಾಗಿಲ್ಲ.

ಸಿಕ್ಕಿಬೀಳುವ ಜಾಗಗಳು ಇವೇ ಎಂದು ಗುರುತಿಸಬಹುದು. ಅನ್ನನಾಳದಲ್ಲಿ ಕುತ್ತಿಗೆ ಮುಗಿದು ಎದೆ ಶುರುವಾಗುವಲ್ಲಿ ಒಂದು, ಹೃದಯದ ಬಳಿ ಒಂದು, ಜಠರ ಸೇರುವ ಮುಂಚೆ ಒಂದು. ಆಮೇಲೆ ಜಠರದ ಬಾಗಿಲು. ಆಮೇಲೆ ಸಣ್ಣಕರುಳಿನ ಯಾವ ತಿರುವಾದರೂ ಸರಿ. ಸಣ್ಣಕರುಳು ದಾಟಿ ದೊಡ್ಡಕರುಳಿಗೆ ಬಂದರೆ ಸಾಮಾನ್ಯವಾಗಿ ಹೊರಗೆ ಬಂತು ಎಂದೇ ಲೆಕ್ಕ.

ಅನ್ನನಾಳದಲ್ಲಿ ನಿಂತರೆ ಬೇಗ ತಿಳಿಯುತ್ತದೆ. ಜೊಲ್ಲು ಸುರಿಯುತ್ತದೆ. ನಾಯಿ ಕುತ್ತಿಗೆ ಚಾಚಿ ಮತ್ತೆ ಮತ್ತೆ ನುಂಗಲು ನೋಡುತ್ತದೆ. ತಿಂದದ್ದು ತಿಂದ ಹಾಗೇ, ಹೊಟ್ಟೆ ಕಿವುಚದೆ, ಸಲೀಸಾಗಿ ವಾಪಸ್ ಬೀಳುತ್ತದೆ. ಇದು ವಾಂತಿ ಅಲ್ಲ. ವಾಂತಿಯಲ್ಲಿ ಓಕರಿಕೆ ಇರುತ್ತದೆ, ಹೊಟ್ಟೆ ಎಳೆದುಕೊಳ್ಳುತ್ತದೆ, ಹಳದಿ ಪಿತ್ತ ಬರಬಹುದು. ಫೋನಿನಲ್ಲಿ ಈ ವ್ಯತ್ಯಾಸ ಹೇಳಿದರೆ ಡಾಕ್ಟರಿಗೆ ಅರ್ಧ ವಿಷಯ ತಿಳಿದಂತೆ. ಅನ್ನನಾಳದಲ್ಲಿ ಮೂಳೆ ಸಿಕ್ಕಿದ್ದರೆ ಅದನ್ನು ಅವತ್ತೇ ತೆಗೆಸಬೇಕು. ಒತ್ತಿದ ಕಡೆ ಗೋಡೆ ಹುಣ್ಣಾಗಿ ತೂತಾಗುತ್ತದೆ. ಅದು ಎದೆಯೊಳಗಿನ ತೂತು.

ಜಠರದಲ್ಲಿ ಉಳಿದರೆ ಮೋಸ. ಅಲ್ಲಿ ಒಂದು ವಸ್ತು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಸುಮ್ಮನೆ ಉರುಳಾಡಿಕೊಂಡು ಇರಬಹುದು. ನಾಯಿ ಉಣ್ಣುತ್ತದೆ, ಬೊಗಳುತ್ತದೆ. ಆಗಾಗ ಒಮ್ಮೆ ವಾಂತಿ ಮಾಡುತ್ತದೆ. ಒಂದು ದಿನ ಆ ವಸ್ತು ಬಾಗಿಲಿಗೆ ಬಂದು ಕೂರುತ್ತದೆ, ಇಲ್ಲವೇ ದಾಟಿ ಕರುಳಿಗೆ ಇಳಿದು ಅಲ್ಲಿ ಸಿಕ್ಕಿಕೊಳ್ಳುತ್ತದೆ. "ನುಂಗಿ ಮೂರು ದಿನ ಆಯ್ತು, ಏನೂ ಆಗಿಲ್ಲ" ಎನ್ನುವ ಧೈರ್ಯಕ್ಕೆ ಅದು ಹೊರಗೆ ಬಿದ್ದದ್ದನ್ನು ನೋಡುವವರೆಗೂ ಅರ್ಥವಿಲ್ಲ.

ಕರುಳಿನಲ್ಲಿ ಸಿಕ್ಕರೆ ನಡೆಯುವುದು ಹೀಗೆ. ತೋಟದ ಅಗಳಕ್ಕೆ ಸೋಗೆ ಅಡ್ಡ ಬಿದ್ದರೆ ಮೇಲಿನ ಕಡೆ ನೀರು ನಿಲ್ಲುತ್ತದೆ ನೋಡಿ, ಹಾಗೆ ತಡೆಯ ಮೇಲಿನ ಕರುಳಿನಲ್ಲಿ ರಸ ಮತ್ತು ಗಾಳಿ ತುಂಬಿಕೊಳ್ಳುತ್ತವೆ. ಕರುಳು ಉಬ್ಬುತ್ತದೆ. ಉಬ್ಬಿದ ಗೋಡೆಯೊಳಗಿನ ರಕ್ತನಾಳಗಳು ಒತ್ತಿಹೋಗುತ್ತವೆ. ರಕ್ತ ಹೋಗದ ಭಾಗ ಸಾಯುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ತೂತಾಗುತ್ತದೆ. ಒಳಗಿನ ಹೊಲಸು ಹೊಟ್ಟೆಯೊಳಗೆಲ್ಲ ಹರಡಿ ಸೋಂಕಾಗುತ್ತದೆ. ಇತ್ತ ವಾಂತಿಯಿಂದ ಮೈಯ ನೀರು, ಲವಣ ಎಲ್ಲ ಹೋಗಿರುತ್ತದೆ. ತಡೆ ಜಠರಕ್ಕೆ ಹತ್ತಿರವಿದ್ದಷ್ಟೂ ವಾಂತಿ ಜೋರು, ನಾಯಿ ಬೇಗ ಕುಸಿಯುತ್ತದೆ. ತಡೆ ಕೆಳಗಿದ್ದರೆ ಒಂದೆರಡು ದಿನ ನಿಧಾನ. ಅರ್ಧ ಮಾತ್ರ ಮುಚ್ಚಿದ್ದರೆ ಭೇದಿಯೂ ಆಗಬಹುದು. ಆದ್ದರಿಂದ "ಕಕ್ಕ ಮಾಡ್ತಾ ಇದೆಯಲ್ಲ" ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ದಾರದ ಕಥೆಯೇ ಬೇರೆ

ನುಂಗುವ ವಸ್ತುಗಳಲ್ಲಿ ನನಗೆ ಈಗ ಅತಿ ಹೆಚ್ಚು ಭಯ ಇರುವುದು ಗೊರಟಿನದ್ದಲ್ಲ, ದಾರದ್ದು. ನಮ್ಮ ಮನೆಗಳಲ್ಲಿ ದಾರಕ್ಕೇನು ಬರ? ಗೋಣಿಚೀಲ ಹೊಲಿಯುವ ಸುತಲಿ, ಹೂ ಕಟ್ಟಿದ ಬಾಳೆನಾರು, ದೇವರ ಪಟದಿಂದ ಇಳಿಸಿದ ಒಣಮಾಲೆ, ಪ್ಲಾಸ್ಟಿಕ್ ಹಗ್ಗದ ಎಳೆ, ಹರಿದ ಸೀರೆಯಂಚು. ಅದರಲ್ಲಿ ಮೀನು ಕಟ್ಟಿದ್ದರೆ, ತುಪ್ಪ ತಾಗಿದ್ದರೆ ಕೇಳುವುದೇ ಬೇಡ.

ದಾರದ ಒಂದು ತುದಿ ಎಲ್ಲೋ ಸಿಕ್ಕಿಕೊಳ್ಳುತ್ತದೆ. ನಾಯಿಗಳಲ್ಲಿ ಹೆಚ್ಚಾಗಿ ಜಠರದ ಬಾಗಿಲಲ್ಲಿ, ಕೆಲವೊಮ್ಮೆ ನಾಲಗೆಯ ಬುಡಕ್ಕೆ ಸುತ್ತಿಕೊಂಡು. ಇನ್ನೊಂದು ತುದಿ ಕರುಳಿಗೆ ಇಳಿಯುತ್ತದೆ. ಕರುಳು ತನ್ನ ಕೆಲಸ ಮಾಡುತ್ತದೆ, ಅಲೆಯಲೆಯಾಗಿ ಹಿಂಡಿ ಅದನ್ನು ಮುಂದಕ್ಕೆ ತಳ್ಳುತ್ತದೆ. ದಾರ ಹೋಗುವುದಿಲ್ಲ. ಬದಲಿಗೆ ಕರುಳೇ ದಾರದ ಮೇಲೆ ಹತ್ತಿಕೊಳ್ಳುತ್ತದೆ. ಲಂಗದ ಲಾಡಿ ಎಳೆದರೆ ನೆರಿಗೆ ಬೀಳುತ್ತದಲ್ಲ, ಹಾಗೇ ಕರುಳು ನೆರಿಗೆ ನೆರಿಗೆಯಾಗಿ ಸೇರುತ್ತದೆ. ಬಿಗಿಯಾದ ದಾರ ಆ ನೆರಿಗೆಗಳ ಒಳಬದಿಯನ್ನು ಗರಗಸದಂತೆ ಕೊಯ್ಯುತ್ತದೆ. ಒಂದು ಕಡೆಯಲ್ಲ, ಹತ್ತಾರು ಕಡೆ.

ಇದಕ್ಕೇ ಡಾಕ್ಟರುಗಳು ಒಂದೇ ಸಮನೆ ಹೇಳುವುದು: ಬಾಯಿಂದಾಗಲಿ ಹಿಂದಿನಿಂದಾಗಲಿ ದಾರ ಇಳಿಬಿದ್ದಿದ್ದರೆ ಎಳೆಯಬೇಡಿ. ನೀವು ಎಳೆಯುವುದು ಲಾಡಿಯನ್ನೇ. ತುದಿ ಜೋತುಬಿದ್ದು ಕಾಲಿಗೆ ಸಿಗುತ್ತಿದ್ದರೆ ಉದ್ದದ ಭಾಗವನ್ನು ಕತ್ತರಿಸಿ, ಸ್ವಲ್ಪ ಹೊರಗೆ ಬಿಡಿ. ಇದು ಗುದದ ಬಳಿ ಮಾತ್ರ. ಬಾಯಿಂದ ಬಂದಿದ್ದರೆ ಕತ್ತರಿಸುವುದೂ ಬೇಡ, ಹಾಗೇ ಕರೆದುಕೊಂಡು ಹೋಗಿ.

ಗಾಳವೂ ಇದೇ ಜಾತಿ. ತುಂಗೆಯ ದಡದಲ್ಲೋ ಶರಾವತಿ ಹಿನ್ನೀರಿನಲ್ಲೋ ಮೀನು ಹಿಡಿಯಲು ಹೋದಾಗ ಎರೆಹುಳ ಚುಚ್ಚಿದ ಗಾಳವನ್ನು ನಾಯಿ ಗುಟುಕರಿಸಿದರೆ ಮೊದಲು ಕೈ ತಾನಾಗಿ ದಾರಕ್ಕೆ ಹೋಗುತ್ತದೆ. ಎಳೆದರೆ ಕೊಕ್ಕೆ ಇನ್ನಷ್ಟು ಆಳಕ್ಕೆ ಕಚ್ಚುತ್ತದೆ. ಇಲ್ಲಿ ದಾರವನ್ನು ಉದ್ದ ಬಿಟ್ಟು ಕತ್ತರಿಸಿ, ತುದಿಯನ್ನು ಕೊರಳಪಟ್ಟಿಗೆ ಸಡಿಲವಾಗಿ ಕಟ್ಟಿ. ಒಳಗೆ ಹೋಗಿಬಿಟ್ಟರೆ ಹುಡುಕುವುದು ಕಷ್ಟ. ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವುದು, ಮಾಡುವವರಿಗೆ ಆ ದಾರವೇ ದಾರಿ ತೋರಿಸುತ್ತದೆ.

ದಾರದ ತುದಿಗೆ ಸೂಜಿ, ದಬ್ಬಣ ಇದ್ದರಂತೂ ಯೋಚನೆ ಮಾಡುವುದೇ ಬೇಡ. ಹೊರಡಿ.

ನಮ್ಮ ಅಂಗಳದಲ್ಲಿ ಬಿದ್ದಿರುವ ಮಿಕ್ಕವು

ಮೆಕ್ಕೆಜೋಳದ ದಿಂಡು ಗೊರಟಿನ ಅಣ್ಣ. ಶಿಕಾರಿಪುರದ ಕಡೆ ಹೊಲದ ತುಂಬ ಅದೇ. ಮಳೆಗಾಲದಲ್ಲಿ ರಸ್ತೆ ಬದಿ ಸುಟ್ಟ ಜೋಳ ತಿಂದು ದಿಂಡು ಎಸೆಯುವವರು ಎಲ್ಲ ಕಡೆ ಇದ್ದಾರೆ. ಉಪ್ಪು, ನಿಂಬೆಹುಳಿ, ಖಾರ ಹಚ್ಚಿದ ದಿಂಡು ನಾಯಿಗೆ ಪ್ರಸಾದ. ಜಠರದ ಆಮ್ಲಕ್ಕೆ ಅದು ಕರಗುವುದಿಲ್ಲ. ಎಕ್ಸ್‌ರೇಯಲ್ಲೂ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ "ಜೋಳದ ದಿಂಡು ತಿಂದಿದೆ" ಎಂದು ನೀವು ಬಾಯಿಬಿಟ್ಟು ಹೇಳುವುದು ಯಂತ್ರಕ್ಕಿಂತ ಹೆಚ್ಚು ಉಪಯೋಗ.

ಮೂಳೆಯ ವಿಷಯದಲ್ಲಿ ಜನ ಎರಡೂ ಕಡೆ ಅತಿ ಮಾಡುತ್ತಾರೆ. ಸಣ್ಣ ಮೂಳೆಚೂರು ಜಠರಕ್ಕೆ ಇಳಿದಿದ್ದರೆ ಅಲ್ಲಿನ ಆಮ್ಲ ಅದನ್ನು ಬಹುಮಟ್ಟಿಗೆ ಮೆತ್ತಗೆ ಮಾಡುತ್ತದೆ. ಡಾಕ್ಟರೂ ಹೆಚ್ಚಾಗಿ ಕಾದು ನೋಡಿ ಅನ್ನುತ್ತಾರೆ. ಅಪಾಯ ಇರುವುದು ಬೆಂದ ಕೋಳಿಮೂಳೆ ಸಿಗಿದು ಚೂಪಾದಾಗ, ಮತ್ತು ದೊಡ್ಡ ತುಂಡು ಅನ್ನನಾಳದಲ್ಲಿ ನಿಂತಾಗ. ಮೂಳೆ ಜಾಸ್ತಿ ತಿಂದರೆ ದೊಡ್ಡಕರುಳಿನಲ್ಲಿ ಸುಣ್ಣದ ಗಟ್ಟಿಯಂತಾಗಿ ಮಲಬದ್ಧತೆಯೂ ಆಗುತ್ತದೆ.

ಅಡಿಕೆ ಸ್ವಲ್ಪ ವಿಚಿತ್ರ. ಕೊಯ್ಲಿನ ಕಾಲದಲ್ಲಿ ಅಂಗಳದ ತುಂಬ ಹಸಿ ಅಡಿಕೆ, ಸಿಪ್ಪೆ, ಗೋಟು. ಇಡೀ ಕಾಯಿ ನುಂಗಿದರೆ ಸಣ್ಣ ನಾಯಿಗೆ ಅದು ತಡೆಯಾಗಬಹುದು. ಆದರೆ ಜಗಿದರೆ ಬೇರೆಯದೇ ಸಮಸ್ಯೆ. ಅಡಿಕೆಯಲ್ಲಿರುವ ಅರಿಕೋಲಿನ್ ನಾಯಿಯ ಕರುಳನ್ನು ಜೋರಾಗಿ ಕೆರಳಿಸುತ್ತದೆ. ಜೊಲ್ಲು, ವಾಂತಿ, ಭೇದಿ ಆಗುತ್ತವೆ. ಹೆಚ್ಚಾದರೆ ತೂರಾಡುವುದು, ಎದೆಬಡಿತ ನಿಧಾನವಾಗುವುದು. ತಮಾಷೆಯೆಂದರೆ ಹಿಂದೆ ಇದೇ ಅರಿಕೋಲಿನ್ನನ್ನು ನಾಯಿಗಳ ಲಾಡಿಹುಳು ಬೀಳಿಸುವ ಔಷಧಿಯಾಗಿ ಕೊಡುತ್ತಿದ್ದರು. ಈಗ ಅದಕ್ಕಿಂತ ಸುರಕ್ಷಿತ ಔಷಧಿ ಬಂದಿದೆ. "ಹಿಂದೆ ಕೊಡ್ತಿದ್ರಂತೆ" ಎಂದು ಯಾರೂ ಪ್ರಯೋಗ ಮಾಡಬೇಡಿ.

ಬಟ್ಟೆ, ಕಾಲುಚೀಲ, ಸ್ಯಾನಿಟರಿ ಪ್ಯಾಡ್ ಇವು ಒಳಗೆ ನೀರು ಹೀರಿ ಉಬ್ಬುತ್ತವೆ. ಇದನ್ನು ಹೇಳಲು ನಾಚಿಕೊಂಡು "ಏನೋ ಪ್ಲಾಸ್ಟಿಕ್ ತಿಂದಿದೆ" ಅನ್ನುವವರಿದ್ದಾರೆ. ಡಾಕ್ಟರ ಹತ್ತಿರ ನಾಚಿಕೆ ಬೇಡ. ಹಾಲಿನ ಪ್ಯಾಕೆಟ್ಟಿನ ಚೂರು ಸಾಮಾನ್ಯವಾಗಿ ಹೋಗಿಬಿಡುತ್ತದೆ, ಇಡೀ ಕವರ್ ಹೋಗುವುದು ಅನುಮಾನ.

ಲೋಹದಲ್ಲಿ ಎರಡು ಬಗೆ ನೆನಪಿಡಿ. ಮಕ್ಕಳ ಆಟಿಕೆ, ರಿಮೋಟ್, ಕಾರಿನ ಕೀಲಿಯಲ್ಲಿರುವ ಬಟನ್ ಬ್ಯಾಟರಿ ಗುಂಡಗೆ, ನುಣ್ಣಗೆ ಇರುತ್ತದೆ. ನೋಡಿದರೆ ನಿರಪಾಯ. ಆದರೆ ಒದ್ದೆ ಜಾಗಕ್ಕೆ ತಾಗಿದ ಕೂಡಲೇ ಅದರಿಂದ ಕರೆಂಟು ಹರಿದು ಅಲ್ಲಿನ ಮಾಂಸ ಸುಡತೊಡಗುತ್ತದೆ. ಅನ್ನನಾಳದಲ್ಲಿ ನಿಂತರೆ ಒಂದೆರಡು ಗಂಟೆಯಲ್ಲೇ ಆಳವಾದ ಗಾಯವಾಗಬಹುದು. ಇದಕ್ಕೆ ಕಾಯುವ ಮಾತೇ ಇಲ್ಲ. ಒಂದಕ್ಕಿಂತ ಹೆಚ್ಚು ಆಯಸ್ಕಾಂತ ನುಂಗಿದರೂ ಅಷ್ಟೇ, ಅವು ಎರಡು ಮಡಿಕೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳುತ್ತವೆ.

ಇನ್ನೊಂದು ಬಗೆ ನಿಧಾನದ್ದು. ಜಿಂಕ್ ಶೀಟ್ ಹೊದಿಸುವಾಗ ಉದುರಿದ ವಾಷರ್, ನಟ್ಟು. ಅವುಗಳ ಮೇಲಿರುವ ಸತು ಆಮ್ಲದಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ, ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ತಡೆಯೇನೂ ಆಗದೆ, ಕೆಲವು ದಿನಗಳಲ್ಲಿ ವಸಡು ಬಿಳಿಚಿಕೊಂಡು ಅಥವಾ ಹಳದಿಯಾಗಿ, ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದರೆ ಇದನ್ನು ಅನುಮಾನಿಸಬೇಕು. ಮನೆಗೆ ಮಾಡು ಹಾಕಿಸುತ್ತಿದ್ದೀರಿ ಎಂಬುದನ್ನೂ ಡಾಕ್ಟರಿಗೆ ಹೇಳಿ.

ಇಲಿಪಾಷಾಣ, ಬಸವನಹುಳುವಿಗೆ ಇಡುವ ಗುಳಿಗೆ, ಮೈಲುತುತ್ತು ಇವು ವಿಷದ ಲೆಕ್ಕ. ಅದು ಬೇರೆಯೇ ವಿಷಯ. ಅಲ್ಲಿ ನಿಮಿಷವೂ ಮುಖ್ಯ, ಪ್ಯಾಕೆಟ್ ಕೈಯಲ್ಲಿ ಹಿಡಿದೇ ಫೋನ್ ಮಾಡಬೇಕು.

ಉಸಿರು ಕಟ್ಟಿದ್ದರೆ

ಇದುವರೆಗೆ ಹೇಳಿದ್ದು ಗಂಟೆಗಳ, ದಿನಗಳ ಲೆಕ್ಕ. ಉಸಿರಿನ ದಾರಿಗೇ ಅಡ್ಡ ಬಂದಿದ್ದರೆ ನಿಮಿಷಗಳ ಲೆಕ್ಕ. ಆಗ ಶಿವಮೊಗ್ಗವೂ ಇಲ್ಲ, ಊರಿನ ಪಶು ಆಸ್ಪತ್ರೆಯೂ ಇಲ್ಲ. ನೀವೇ.

ನಾಯಿ ಮುಂಗಾಲಿನಿಂದ ಬಾಯಿ ಕೆರೆಯುತ್ತದೆ, ಗಾಬರಿಯಿಂದ ಓಡಾಡುತ್ತದೆ. ಉಸಿರು ಎಳೆಯಲು ಒದ್ದಾಡುತ್ತದೆ. ನಾಲಗೆ ನೀಲಿಯಾಗುತ್ತದೆ. ಅದು ಕೆಮ್ಮುತ್ತಿದ್ದರೆ ಗಾಳಿ ಇನ್ನೂ ಓಡಾಡುತ್ತಿದೆ ಎಂದರ್ಥ, ಕೆಮ್ಮಲು ಬಿಡಿ. ಕೆಮ್ಮು ನಿಂತು ಒದ್ದಾಟ ಮಾತ್ರ ಉಳಿದರೆ ಬಾಯಿ ತೆರೆದು ನೋಡಿ. ವಸ್ತು ಕಣ್ಣಿಗೆ ಕಂಡರೆ ಮಾತ್ರ ಬೆರಳು ಹಾಕಿ. ಕೆನ್ನೆಯ ಬದಿಯಿಂದ ಹಾಕಿ, ಕೊಕ್ಕೆಯಂತೆ ಬಾಗಿಸಿ ಮುಂದಕ್ಕೆ ಎಳೆಯಿರಿ. ನೇರ ಹಾಕಿದರೆ ಒಳಕ್ಕೆ ತಳ್ಳಿದಂತೆ. ಚೆಂಡು ಸಿಕ್ಕಿದ್ದರೆ ಹೊರಗಿನಿಂದ ದವಡೆಯ ಕೆಳಗೆ, ಚೆಂಡಿನ ಹಿಂದೆ ಎರಡು ಹೆಬ್ಬೆರಳಿಟ್ಟು ಬಾಯಿಯ ಕಡೆಗೆ ಒತ್ತಿ.

ಬರಲಿಲ್ಲವೇ? ಸಣ್ಣ ನಾಯಿಯಾದರೆ ಹಿಂಗಾಲು ಎತ್ತಿ ತಲೆ ಕೆಳಗೆ ಮಾಡಿ, ಭುಜಗಳ ನಡುವೆ ಅಂಗೈಯಿಂದ ನಾಲ್ಕೈದು ಬಾರಿ ಬಡಿಯಿರಿ. ದೊಡ್ಡದಾದರೆ ಹಿಂದಿನಿಂದ ತಬ್ಬಿ ಹಿಡಿಯಿರಿ. ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಮೆತ್ತನೆಯ ಜಾಗದಲ್ಲಿ ಮುಷ್ಟಿ ಇಟ್ಟು, ಮೇಲಕ್ಕೂ ಮುಂದಕ್ಕೂ ನಾಲ್ಕೈದು ಬಾರಿ ಜೋರಾಗಿ ಒತ್ತಿ. ಮತ್ತೆ ಬಾಯಿ ನೋಡಿ. ಎಚ್ಚರ ತಪ್ಪಿ ಉಸಿರು ನಿಂತಿದ್ದರೆ ಪಕ್ಕಕ್ಕೆ ಮಲಗಿಸಿ ಎದೆ ಒತ್ತಲು ಶುರುಮಾಡಿ. ಪಶುವೈದ್ಯರ 'ರಿಕವರ್' ಎಂಬ ಗುಂಪು 2012ರಲ್ಲಿ ಹೊರತಂದು 2024ರಲ್ಲಿ ಪರಿಷ್ಕರಿಸಿದ ಕ್ರಮದ ಪ್ರಕಾರ ನಿಮಿಷಕ್ಕೆ 100ರಿಂದ 120ರ ವೇಗ, 30 ಒತ್ತಿಗೆ ಎರಡು ಉಸಿರು. ಬಾಯಿ ಮುಚ್ಚಿಹಿಡಿದು ಮೂಗಿನಿಂದ ಊದಬೇಕು. ವಸ್ತು ಹೊರಗೆ ಬಂದು ನಾಯಿ ಎದ್ದು ಕೂತರೂ ಒಮ್ಮೆ ತೋರಿಸಿ. ಗಂಟಲು ಊದಿಕೊಳ್ಳಬಹುದು, ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಓದಿ. ನಾಯಿ ಏನನ್ನೂ ನುಂಗಿದ್ದನ್ನು ಯಾರೂ ನೋಡಿಲ್ಲ. ಆದರೆ ಗಂಟಲಲ್ಲಿ ಮೂಳೆ ಸಿಕ್ಕಿದಂತೆ ಬಾಯಿ ತೆರೆದುಕೊಂಡಿದೆ, ದವಡೆ ಜೋತುಬಿದ್ದಿದೆ, ಜೊಲ್ಲು ಇಳಿಯುತ್ತಿದೆ, ನುಂಗಲು ಆಗುತ್ತಿಲ್ಲ. ಇದು ರೇಬೀಸಿನ ಲಕ್ಷಣವೂ ಹೌದು. ಕಚ್ಚಲು ಬರುವ ನಾಯಿಗೆ ಮಾತ್ರ ರೇಬೀಸ್ ಎಂದು ನಾವು ತಿಳಿದಿದ್ದೇವೆ. ಸುಮ್ಮನೆ ಮೂಲೆ ಸೇರಿ ಜೊಲ್ಲು ಸುರಿಸುವ ಬಗೆಯೂ ಇದೆ. ಲಸಿಕೆ ಹಾಕಿಸದ ನಾಯಿಯ, ಬೀದಿನಾಯಿಯ ಬಾಯಿಗೆ ಕೈ ಹಾಕಬೇಡಿ. ಹಾಕಿ ಗೀರಿದ್ದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಬಾಳೆಹಣ್ಣು, ಉಪ್ಪುನೀರು, ಹರಳೆಣ್ಣೆ

ನಮ್ಮಲ್ಲಿ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದರೆ ಬಾಳೆಹಣ್ಣು ನುಂಗಿಸುವುದು ರೂಢಿ. ಅದನ್ನೇ ನಾಯಿಗೂ ಮಾಡುತ್ತಾರೆ. ಅನ್ನನಾಳದಲ್ಲಿ ಏನಾದರೂ ಸಿಕ್ಕಿದ್ದರೆ ಮೇಲಿನಿಂದ ತಿನ್ನಿಸಿದ್ದೆಲ್ಲ ಅಲ್ಲೇ ನಿಂತು, ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಅರಿವಳಿಕೆ ಕೊಡಬೇಕಾದರೆ ಹೊಟ್ಟೆ ಖಾಲಿ ಇರಬೇಕು. ತುಂಬಿದ ಹೊಟ್ಟೆಯಲ್ಲಿ ಎಂಡೋಸ್ಕೋಪಿ ಮಾಡಿದರೆ ಅನ್ನದ ನಡುವೆ ವಸ್ತು ಹುಡುಕಬೇಕು. ಸಣ್ಣ, ನುಣುಪು ವಸ್ತುವಿಗೆ ಕೆಲವೊಮ್ಮೆ ಡಾಕ್ಟರೇ ಅನ್ನ ಜಾಸ್ತಿ ಹಾಕಿ ಎನ್ನುವುದುಂಟು. ಅದನ್ನು ಅವರು ಹೇಳಲಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಇನ್ನೂ ಕೆಟ್ಟದ್ದು. ವಾಂತಿ ಆಗದಿದ್ದರೆ ಅಷ್ಟೂ ಉಪ್ಪು ರಕ್ತಕ್ಕೆ ಸೇರುತ್ತದೆ. ಮಿದುಳಿಗೆ ತೊಂದರೆಯಾಗಿ ಸೆಳವು ಬರಬಹುದು. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡನ್ನು ಇಂಟರ್‌ನೆಟ್ ನೋಡಿ ಕುಡಿಸುವವರೂ ಇದ್ದಾರೆ. ಅದು ಜಠರದ ಗೋಡೆಯನ್ನೇ ಸುಡಬಹುದು. ಆಸ್ಪತ್ರೆಯಲ್ಲಿ ವಾಂತಿ ಮಾಡಿಸಲು ಅಪೊಮಾರ್ಫಿನ್‌ನಂಥ ಇಂಜೆಕ್ಷನ್ ಇವೆ. ಅದನ್ನೂ ಅವರು ಎಲ್ಲದಕ್ಕೂ ಕೊಡುವುದಿಲ್ಲ. ಕಾಲುಚೀಲಕ್ಕೆ ಸರಿ. ಸೂಜಿ, ಮೂಳೆ, ಬ್ಯಾಟರಿ, ಸೀಮೆಎಣ್ಣೆಗೆ ಇಲ್ಲ. ಇಳಿಯುವಾಗ ಕೊಯ್ಯದ್ದು ಹತ್ತುವಾಗ ಕೊಯ್ದೀತು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಇನ್ನೂ ಹುಷಾರು. ವಸ್ತು ಜಠರ ದಾಟಿದ ಮೇಲೆ ವಾಂತಿಯಿಂದ ಪ್ರಯೋಜನವೂ ಇಲ್ಲ. ಆದ್ದರಿಂದಲೇ ನುಂಗಿ ಎಷ್ಟು ಹೊತ್ತಾಯಿತು ಎಂಬುದು ಅವರ ಮೊದಲ ಪ್ರಶ್ನೆ.

ಹರಳೆಣ್ಣೆ ಅಜ್ಜಿಯ ಕಾಲದ್ದು. ತಡೆ ಇರುವ ಕರುಳನ್ನು ಇನ್ನೂ ಜೋರಾಗಿ ಹಿಂಡುವಂತೆ ಮಾಡುತ್ತದೆ. ಬೇಡ. ನೋವಿನ ಮಾತ್ರೆಯೂ ಬೇಡ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ನಾಯಿಗೆ ವಿಷವಾಗಬಹುದು.

ಕಾಯುವುದಾದರೆ ಹೀಗೆ ಕಾಯಿರಿ

ವಸ್ತು ಚಿಕ್ಕದು, ನುಣುಪು, ವಿಷವಿಲ್ಲ, ನಾಯಿ ದೊಡ್ಡದು, ಉಂಡು ಆಡಿಕೊಂಡಿದೆ. ಆಗ ಡಾಕ್ಟರಿಗೆ ಫೋನ್ ಮಾಡಿ ಕೇಳಿದರೆ ಕಾದು ನೋಡಿ ಅನ್ನಬಹುದು. ಆದರೆ ಕಾಯುವುದೆಂದರೆ ಮರೆತುಬಿಡುವುದಲ್ಲ. ನಾಯಿಯನ್ನು ಕಟ್ಟಿಹಾಕಿ, ಇಲ್ಲದಿದ್ದರೆ ತೋಟಕ್ಕೆ ಹೋಗಿ ಅಲ್ಲೇ ಕಕ್ಕ ಮಾಡಿ ಬರುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ಪ್ರತಿ ಸಲವೂ ಕೋಲಿನಿಂದ ಕೆದಕಿ ನೋಡಿ. ಅಸಹ್ಯ, ಗೊತ್ತು. ಹೆಚ್ಚಿನವು ಎರಡು ಮೂರು ದಿನದಲ್ಲಿ ಬೀಳುತ್ತವೆ. ಬೀಳದಿದ್ದರೆ ನಾಯಿ ಚೆನ್ನಾಗಿದ್ದರೂ ಎಕ್ಸ್‌ರೇ ಮಾಡಿಸಬೇಕು.

ದಿನಕ್ಕೆರಡು ಬಾರಿ ವಸಡು ಒತ್ತಿ ನೋಡಿ. ಬೆರಳು ತೆಗೆದ ಮೇಲೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಗೆ ತಿರುಗಬೇಕು. ನಮ್ಮ ಊರನಾಯಿಗಳಲ್ಲಿ ವಸಡೇ ಕಪ್ಪಿರುವುದುಂಟು, ಆಗ ಕೆಳರೆಪ್ಪೆಯ ಒಳಗಿನ ಬಣ್ಣ ನೋಡಿ. ವಸಡು ಒಣಗಿ ಅಂಟಂಟಾಗಿದ್ದರೆ, ಭುಜದ ಚರ್ಮ ಎತ್ತಿ ಬಿಟ್ಟಾಗ ತಕ್ಷಣ ಕೂರದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಥರ್ಮಾಮೀಟರ್ ಇದ್ದರೆ ಆರೋಗ್ಯವಂತ ನಾಯಿಯ ಮೈಬಿಸಿ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಅದು ಜ್ವರ, ಅದರ ಲೆಕ್ಕದಲ್ಲಿ ಅಲ್ಲ.

ಇನ್ನು ಕಾಯುವುದನ್ನು ನಿಲ್ಲಿಸುವ ಗುರುತುಗಳು. ಎರಡಕ್ಕಿಂತ ಹೆಚ್ಚು ಸಲ ವಾಂತಿ. ಕುಡಿದ ನೀರೂ ನಿಲ್ಲದಿರುವುದು. ಒಂದು ಹೊತ್ತಿನ ಊಟ ಬಿಟ್ಟದ್ದು ಎರಡನೇ ಹೊತ್ತಿಗೂ ಮುಂದುವರಿದರೆ. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಲ್ಲುವುದು, ನಮಸ್ಕಾರ ಹಾಕಿದ ಹಾಗೆ. ಕೆಂಚ ಮೂರನೇ ದಿನ ಹಾಗೆ ನಿಂತಾಗ ನಾವು ಮೈಮುರಿಯುತ್ತಿದ್ದಾನೆ ಅಂದುಕೊಂಡಿದ್ದೆವು. ಅದು ಹೊಟ್ಟೆನೋವು. ಹೊಟ್ಟೆ ಮುಟ್ಟಲು ಬಿಡದಿರುವುದು, ಕಕ್ಕಕ್ಕೆ ಮುಕ್ಕಿದರೂ ಬಾರದಿರುವುದು, ಕಪ್ಪು ಟಾರಿನಂಥ ಮಲ, ಇವೂ ಅಷ್ಟೇ. ಹೊಟ್ಟೆ ತಮಟೆಯಂತೆ ಉಬ್ಬಿ, ಓಕರಿಸಿದರೂ ಏನೂ ಬಾರದಿದ್ದರೆ, ಅದರಲ್ಲೂ ಜರ್ಮನ್ ಶೆಫರ್ಡ್‌ನಂಥ ದೊಡ್ಡ ನಾಯಿಯಾದರೆ, ಜಠರವೇ ತಿರುಚಿಕೊಂಡಿರಬಹುದು. ಅದಕ್ಕೆ ರಾತ್ರಿ ಹಗಲು ನೋಡಬಾರದು.

ಹೊರಡುವ ಮುಂಚೆ ಫೋನ್ ಮಾಡಿ. ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರು ದಿನವಿಡೀ ದನ, ಎಮ್ಮೆ ನೋಡುವವರು. ಆದರೆ ಡ್ರಿಪ್ ಹಾಕಿ, ನಾಯಿಯನ್ನು ದಾರಿಗೆ ಗಟ್ಟಿ ಮಾಡಿ ಕಳಿಸಲು ಅವರು ಸಾಕು, ಅದೇ ಎಷ್ಟೋ ಜೀವ ಉಳಿಸುತ್ತದೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸೆಯ ಸಹಾಯವಾಣಿ ಸಿಗುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಖಾಸಗಿ ಕ್ಲಿನಿಕ್ಕುಗಳೂ ಇವೆ. ಎಲ್ಲಿಗೇ ಹೋಗಿ, ಇವತ್ತು ಎಕ್ಸ್‌ರೇ ಆಗುತ್ತದಾ, ಆಪರೇಷನ್ ಮಾಡುವವರು ಇದ್ದಾರಾ ಎಂದು ಕೇಳಿಕೊಂಡೇ ಹೋಗಿ. ನಾವು ಕೇಳದೆ ಹೋಗಿ ಮೊದಲು ಒಂದು ಕಡೆ ಬಾಗಿಲು ಹಾಕಿದ್ದು ನೋಡಿ ವಾಪಸ್ ತಿರುಗಿದ್ದೆವು. ನುಂಗಿದ ವಸ್ತುವಿನ ಜೋಡಿ ಇದ್ದರೆ, ಉಳಿದ ತುಂಡಿದ್ದರೆ ಕವರಿಗೆ ಹಾಕಿಕೊಳ್ಳಿ. ವಾಂತಿಯ ಫೋಟೋ ತೆಗೆಯಿರಿ. ವಾಂತಿ ಮಾಡುವ ನಾಯಿಯ ಬಾಯಿ ಕಟ್ಟಬೇಡಿ.

ಅಲ್ಲಿ ಹೋದ ಮೇಲೆ

ಲೋಹ, ಮೂಳೆ, ಕಲ್ಲು ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತವೆ. ಬಟ್ಟೆ, ಪ್ಲಾಸ್ಟಿಕ್, ದಿಂಡು ಕಾಣುವುದಿಲ್ಲ. ಆಗ ಡಾಕ್ಟರು ನೋಡುವುದು ವಸ್ತುವನ್ನಲ್ಲ, ಅದರ ಹಿಂದೆ ಉಬ್ಬಿದ ಕರುಳನ್ನು, ತುಂಬಿದ ಗಾಳಿಯನ್ನು. ಅನುಮಾನ ಉಳಿದರೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವ ಬೇರಿಯಂ ದ್ರಾವಣ ಕುಡಿಸಿ ಮತ್ತೆ ಮತ್ತೆ ಎಕ್ಸ್‌ರೇ ತೆಗೆಯುತ್ತಾರೆ, ಇಲ್ಲವೇ ಸ್ಕ್ಯಾನಿಂಗ್ ಮಾಡುತ್ತಾರೆ. "ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ್ರು, ಸುಮ್ನೆ ದುಡ್ಡು ಹೋಯ್ತು" ಎಂದು ವಾಪಸ್ ಬಂದು ನಾಯಿ ಕಳೆದುಕೊಂಡವರು ನನಗೆ ಗೊತ್ತು.

ಅನ್ನನಾಳ, ಜಠರದಲ್ಲಿ ಇದ್ದರೆ ಎಂಡೋಸ್ಕೋಪಿಯಿಂದ ಕೊಯ್ಯದೆ ತೆಗೆಯಬಹುದು. ಆ ಯಂತ್ರ ಎಲ್ಲ ಕಡೆ ಇಲ್ಲ. ಜಠರ ಕೊಯ್ದು ತೆಗೆಯುವುದು ಕರುಳು ಕೊಯ್ಯುವುದಕ್ಕಿಂತ ಹಗುರ, ಜಠರದ ಗೋಡೆ ದಪ್ಪ, ರಕ್ತ ಚೆನ್ನಾಗಿ ಓಡಾಡುತ್ತದೆ, ಬೇಗ ಕೂಡಿಕೊಳ್ಳುತ್ತದೆ. ಕರುಳು ಸೀಳಿ ತೆಗೆಯುವುದು ಅದಕ್ಕಿಂತ ಮೇಲಿನ ಮೆಟ್ಟಿಲು. ಸತ್ತ ಕರುಳು ಕತ್ತರಿಸಿ ಜೋಡಿಸುವುದು ಕೊನೆಯದ್ದು. ಕೆಂಚ ಆ ಕೊನೆಯ ಮೆಟ್ಟಿಲಿಗೆ ಹೋಗಿ ಬಂದ.

ಹೊಲಿಗೆ ಬಿಟ್ಟುಹೋಗುವ ಭಯ ಹೆಚ್ಚು ಇರುವುದು ಮೂರರಿಂದ ಐದನೇ ದಿನದವರೆಗೆ. ಆಪರೇಷನ್ ಆದ ಮರುದಿನ ಚುರುಕಾಗಿದ್ದ ನಾಯಿ ನಾಲ್ಕನೇ ದಿನ ಮತ್ತೆ ಮಂಕಾದರೆ, ವಾಂತಿ ಮಾಡಿದರೆ ಫೋನ್ ಮಾಡಿ ಕೂರುವುದಲ್ಲ, ಮತ್ತೆ ಕರೆದುಕೊಂಡು ಹೋಗಬೇಕು. ನಾವು ಆ ಮೂರು ದಿನ ಶಿವಮೊಗ್ಗದಲ್ಲೇ ಅತ್ತೆ ಮನೆಯಲ್ಲಿ ಉಳಿದೆವು. ನಾಯಿ ಕಂಡರಾಗದ ಅತ್ತೆ ತಾನೇ ಅನ್ನ ನುಣ್ಣಗೆ ಕಿವುಚಿ, ದಿನಕ್ಕೆ ಐದಾರು ಸಲ ಚೂರು ಚೂರು ಹಾಕಿದರು. ಕೊರಳಿಗೆ ಹಾಕಿದ ಪ್ಲಾಸ್ಟಿಕ್ ಕೊಡೆ ಹತ್ತು ಹನ್ನೆರಡು ದಿನ, ಹೊಲಿಗೆ ಬಿಚ್ಚುವವರೆಗೂ ಇತ್ತು. ಅದನ್ನು ಹಾಕಿಕೊಂಡೇ ಅವನು ಅತ್ತೆಯ ಮನೆಯ ಬಾಗಿಲ ಎರಡೂ ಕಡೆ ಡಿಕ್ಕಿ ಹೊಡೆದ.

ಈಗ ನಮ್ಮಲ್ಲಿ ಗೊರಟು ಬಾಳೆಬುಡಕ್ಕೆ ಹೋಗುವುದಿಲ್ಲ. ಮುಚ್ಚಳವಿರುವ ಬಕೆಟ್ಟಿಗೆ ಹೋಗುತ್ತದೆ, ಮುಚ್ಚಳದ ಮೇಲೆ ಒಂದು ಕಲ್ಲು. ಮಾವಿನ ಕಾಲ ಬಂತೆಂದರೆ ಕೆಂಚ ಆ ಬಕೆಟ್ಟಿನ ಪಕ್ಕವೇ ಮಲಗುತ್ತಾನೆ.